ಕೊಸರು

ಕಾನ್‌ಥೋ ಹೊಳೆಯ ಸಂತೆಯಲ್ಲಿ ಅಂಗಡಿಗೆ ಬೋರ್ಡಿಲ್ಲ.
ದೋಣಿಯ ಮೂತಿಗೊಂದು ಬಿದಿರ ಗಳ,
ಗಳದ ತುದಿಗೆ ಮಾರುವ ಮಾಲು:
ಕುಂಬಳ ಕಟ್ಟಿದರೆ ಕುಂಬಳ, ಗೆಣಸು ಕಟ್ಟಿದರೆ ಗೆಣಸು.
ಅಂಗಿ ತೂಗುತ್ತಿದ್ದರೆ ಬೆಲೆ ಕೇಳಬೇಡಿ,
ಅದು ಒಣಗುತ್ತಿದೆ.
ಕಾಫಿ, ಸಾರು ಮಾರುವವರು ಏನನ್ನೂ ಕಟ್ಟುವುದಿಲ್ಲ,
ಪರಿಮಳವೇ ಅವರ ಗಳ.
ತೆಂಗಿನ ಗರಿ ಕಟ್ಟಿದರೆ?
ಅದನ್ನು ಆಮೇಲೆ ಹೇಳುತ್ತೇನೆ.

ನಮ್ಮ ಗಳಕ್ಕೆ ಅನಾನಸು.
ಏಳನೆಯಕ್ಕ ಹುಟ್ಟಿದ್ದು ಆರನೆಯವಳಾಗಿ;
ಈ ಕಡೆ ಚೊಚ್ಚಲನ್ನು ಎರಡನೆಯದೆಂದೇ ಕರೆಯುತ್ತಾರೆ,
ಮೊದಲನೆಯದನ್ನು ಹುಡುಕಿ ಬಂದ ದೆವ್ವ
ಲೆಕ್ಕ ತಪ್ಪಿ ಹಿಂದಿರುಗಲೆಂದು.
ಅವಳ ಲೆಕ್ಕವೂ ಹಾಗೇ. ಹತ್ತೆಂದರೆ ಹನ್ನೆರಡು,
ಕೇಳುವ ಮೊದಲೇ ಕೊಸರು.
ಹಣ್ಣಿಗೆ ಬೆರಳು ತಟ್ಟಿ ಕಿವಿಯೊಡ್ಡುವಳು:
“ಇದು ನಾಳೆಗೆ, ಇದು ಈಗಲೇ ಬಾಯಿಗೆ,
ಇದು, ಹುಳಿಯದು, ನಿನ್ನ ಅತ್ತೆಗೆ.”

ಸೇತುವೆ ಬಂತು, ಲಾರಿ ಬಂತು,
ದೋಣಿಗಳು ಒಂದೊಂದೇ ದಡ ಹತ್ತಿದವು.
ಗಿರಾಕಿಯಿಲ್ಲದ ಒಂದು ಬೆಳಗು ಅಂದಳು,
“ತಮ್ಮಾ, ಆ ಫೋನು ಹಿಡಿ.
ಬಾಯಿಗೆ ತುಕ್ಕು ಬರುತ್ತಿದೆ.”

ಮೊದಲ ದಿನ ನೋಡಿದವರು ಹನ್ನೊಂದು ಜನ.
ನಾಲ್ವರು ನಮ್ಮ ಮನೆಯವರು, ಒಬ್ಬ ಸಾಲ ಕೊಟ್ಟವನು.
ಅವಳು ಹನ್ನೊಂದು ಸಾವಿರಕ್ಕೆ ಕೇಳುವಂತೆ ಕೂಗಿದಳು.
ಮೂರು ತಿಂಗಳು ಬಿಡಿಗಾಸಿಲ್ಲ.
ಹಾಡು ಹಾಕೋಣವೆಂದೆ, ತುಟಿಗೆ ಬಣ್ಣವೆಂದೆ.
“ಹಣ್ಣಿನ ಕಣ್ಣು ಕೀಳುವಾಗ ಮಾತಾಡಿಸಬೇಡ.”
ಸುತ್ತಿ ಸುತ್ತಿ ಕತ್ತಿ ಇಳಿಯುವ ಆ ನಲವತ್ತು ಸೆಕೆಂಡು,
ಅದನ್ನೇ ಜನ ಮತ್ತೆ ಮತ್ತೆ ನೋಡಿದ್ದು:
ಹನೋಯ್‌ನಲ್ಲಿ ನಿದ್ದೆ ಬಾರದ ನರ್ಸು,
ತೈವಾನಿನಲ್ಲಿ ರಾತ್ರಿಪಾಳಿ ಮುಗಿಸಿದ ಹುಡುಗಿಯರು.

ಆಮೇಲೆ ಜಾಹೀರಾತು.
ಅವಳು ಬಾಯಿ ತೆರೆಯುವಷ್ಟರಲ್ಲಿ ಅಡ್ಡ ನಿಂತ ಟೂತ್‌ಪೇಸ್ಟು,
ಮೋಟಾರ್‌ಬೈಕು, ಮುಪ್ಪಿನ ವಿಮೆ.
ತಿಂಗಳ ಕೊನೆಗೆ ಬ್ಯಾಂಕಿನಲ್ಲಿ ದುಡ್ಡು,
ಹಣ್ಣಿನ ವಾಸನೆಯಿಲ್ಲದ ದುಡ್ಡು.
ಆ ರಾತ್ರಿ ಗಳವನ್ನೇ ನೋಡುತ್ತ ಕೂತಿದ್ದಳು.
“ಕಟ್ಟಿದ್ದು ಅನಾನಸು. ಮಾರಿಹೋದದ್ದೇನು ತಮ್ಮಾ?”
“ನೋಡುವವರು ಅಕ್ಕಾ. ಅವರ ಕಣ್ಣು.”
“ಚೌಕಾಸಿಯೇ ಮಾಡಲಿಲ್ಲವಲ್ಲ ನಾನು!”
ಅವಮಾನವಾಯಿತು ಅವಳಿಗೆ.
ದುಡ್ಡನ್ನು ಮಾತ್ರ ಎರಡು ಸಲ ಎಣಿಸಿದಳು.

ಮೀನಿನ ಸಾಸಿನ ಕಂಪನಿಯವನು ಬಂದ,
“ಬಾಟಲಿ ಹಿಡಿದು ನಕ್ಕರೆ ಸಾಕು.”
ಮುಚ್ಚಳ ತೆಗೆದು ನೆಕ್ಕಿ ನೋಡಿದಳು.
“ಉಪ್ಪು ಮುಂದೆ, ಮೀನು ಹಿಂದೆ.
ಕಾಯಿಗೆ ಅದ್ದಿಕೊಳ್ಳಿ, ಅನ್ನಕ್ಕೆ ಬೇಡ.”
ನೇರ ಪ್ರಸಾರದಲ್ಲೂ ಅದನ್ನೇ ಅಂದಳು.
ಅರ್ಧ ದುಡ್ಡು ಮುರಿದುಕೊಂಡರು.
ಉಳಿದ ಬಾಟಲಿ ನಮ್ಮ ಅಡುಗೆಮನೆಯಲ್ಲಿದೆ;
ಅವಳು ಹೇಳಿದ್ದು ನಿಜ.

ಊರೂರಿಗೆ ಕಳಿಸುವ ಡಬ್ಬಕ್ಕೆ ಹತ್ತೇ ಹಣ್ಣು ಹಿಡಿಸುವುದು.
ಎರಡು ರಾತ್ರಿ ನಿದ್ದೆಯಿಲ್ಲ ಅವಳಿಗೆ.
ಮೂರನೆಯ ದಿನ ದೊಡ್ಡ ಡಬ್ಬ ಮಾಡಿಸಿದಳು.

ಈಗ ದಡದ ಮೇಲೆ ಗೋದಾಮು, ಬಳೆಯಂಥ ದೀಪ,
ನನಗೆ ಹತ್ತರಲ್ಲೊಂದು ಪಾಲು.
ಹತ್ತೆಂದರೆ ಹನ್ನೆರಡಲ್ಲವೆ ಎಂದು ಕೇಳಿ
ತಲೆಗೆ ಮೊಟಕಿಸಿಕೊಂಡೆ.

ನಿನ್ನೆ ನಸುಕಿಗೆ ತಾನೇ ಹಗ್ಗ ಬಿಚ್ಚಿ
ಅನಾನಸು ಇಳಿಸಿದಳು, ತೆಂಗಿನ ಗರಿ ಏರಿಸಿದಳು.
ಗರಿ ಕಟ್ಟಿದರೆ ಮಾರಾಟಕ್ಕಿರುವುದು ದೋಣಿ,
ಮಲಗಿ ಎದ್ದು, ಹೆತ್ತು ಬೆಳೆಸಿದ ದೋಣಿ.
ನಾನು ಫೋನು ಹಿಡಿದಿದ್ದೆ. ಅವಳು ಮಾತೇ ಆಡಲಿಲ್ಲ.
ನಲವತ್ತು ಸಾವಿರ ಜನ ನೋಡುತ್ತಿದ್ದರು.
ಕೆಳಗಿಂದ ಪ್ರಶ್ನೆಗಳು ಗುಳ್ಳೆಗಳಂತೆ ಎದ್ದವು:
ಚೆಂದ ಇದೆ ಅಕ್ಕಾ, ಆ ಗರಿಗೆ ಎಷ್ಟು?
ಸಾಗಣೆ ಖರ್ಚು ಸೇರಿಯೇ?

ಓದಿದಳು. ಗಂಟಲು ಸರಿಮಾಡಿಕೊಂಡಳು.
“ಗರಿಗೆ ಎಂಟು ಕೋಟಿ ಡಾಂಗ್” ಅಂದಳು,
“ಕೊಸರಿಗೆ ದೋಣಿ.”